ಕಾಳಮ್ಮತ್ತೆಯ ಹಾಡಿಗೊಂದು ಮಿಕ್ಸರು

ಖಾಲಿ ಕೊಡ ಕಂಡರೆ ಅದರೊಳಕ್ಕೆ ಬಾಯಿಟ್ಟು ‘ಓ’ ಅನ್ನುವ ಅಭ್ಯಾಸ ನನಗೆ ಇವತ್ತಿಗೂ ಹೋಗಿಲ್ಲ. ತಲೆ ನರೆತಿದೆ, ಪಾಂಡವಪುರದ ಪೇಟೆಯಲ್ಲಿ ಕಿವಿಯೋಲೆಗೆ ತಿರುಪು ಕೂರಿಸುತ್ತ, ಮುರಿದ ಉಂಗುರ ಬೆಸೆಯುತ್ತ ಕೂತಿರುವ ಅಕ್ಕಸಾಲಿ ಎಂಬ ಮರ್ಯಾದೆಯೂ ಇದೆ. ಆದರೂ ಪಾತ್ರೆ ಅಂಗಡಿಗೆ ಹೋದರೆ ನನ್ನ ಕೈ ಮೊದಲು ಹೋಗುವುದು ದೊಡ್ಡ ಹಂಡೆಯ ಕಡೆಗೆ. ‘ಓ’ ಅನ್ನುತ್ತೇನೆ. ಹಂಡೆಯೂ ‘ಓ’ ಅನ್ನುತ್ತದೆ. ಅಂಗಡಿಯವನು ನನ್ನ ಹೆಂಡತಿಯ ಮುಖ ನೋಡುತ್ತಾನೆ, ನನ್ನ ಹೆಂಡತಿ ಶಾರದ ರಸ್ತೆಯ ಕಡೆ ನೋಡುತ್ತಾಳೆ.

ಇದನ್ನು ನನಗೆ ಅಂಟಿಸಿದವಳು ಕಾಳಮ್ಮತ್ತೆ, ನನ್ನಪ್ಪನ ತಂಗಿ. ಶೀಳನೆರೆಯ ನಮ್ಮ ಹಳೇ ಮನೆಯ ನಡುಮನೆಯಲ್ಲಿ ರಾಗಿ ತುಂಬುವ ಮಣ್ಣಿನ ವಾಡೆಗಳಿದ್ದವು. ಆಳೆತ್ತರದವು, ಹೊಟ್ಟೆ ದಪ್ಪ, ಬಾಯಿ ಸಣ್ಣ. ಹೊಸ ರಾಗಿ ಬರುವ ಮುಂಚೆ ಅವು ಬರಿದಾಗುತ್ತಿದ್ದವು. ಆಗ ಅತ್ತೆ ಏಣಿ ಹತ್ತಿ, ಒಳಗೆಲ್ಲ ಗುಡಿಸಿ, ಬೇವಿನ ಸೊಪ್ಪು ಹಾಕಿ, ಕೆಲಸ ಮುಗಿದ ಮೇಲೂ ಕೆಳಗಿಳಿಯದೆ ವಾಡೆಯ ಬಾಯಿಗೆ ಮುಖ ಒಡ್ಡಿ ಹಾಡಲು ಶುರು ಮಾಡುತ್ತಿದ್ದಳು. ಹಾಡು ಅವಳ ಬಾಯಿಂದ ಬರುತ್ತಿದೆಯೋ ನೆಲದೊಳಗಿಂದ ಬರುತ್ತಿದೆಯೋ ಗೊತ್ತಾಗುತ್ತಿರಲಿಲ್ಲ. ಗವಾಕ್ಷಿಯಿಂದ ಬೀಳುವ ಬಿಸಿಲಿನ ಕೋಲಿನಲ್ಲಿ ರಾಗಿಯ ಧೂಳು ಆಡುತ್ತಿರುತ್ತಿತ್ತು. ನಾನು ವಾಡೆಗೆ ಕಿವಿ ಒತ್ತಿ ನಿಂತರೆ ಕೆನ್ನೆಯೆಲ್ಲ ಜುಂ ಅನ್ನುತ್ತಿತ್ತು.

“ನೀನೂ ಆಡ್ಲಾ ಮಗ,” ಅನ್ನುತ್ತಿದ್ದಳು ಅತ್ತೆ, “ನಿನ್ ದನಿ ನಿಂಗೇ ಚೆಂದಾಗ್ ಕೇಳ್ತದೆ.”

ನನ್ನದು ಹಿತ್ತಾಳೆಯ ಮೇಲೆ ಅರ ತಿಕ್ಕಿದಂಥ ಗಂಟಲು. ಶಾಲೆಯ ಪ್ರಾರ್ಥನೆಯಲ್ಲಿ ಮೇಷ್ಟರು ನನ್ನನ್ನು ಹಿಂದಿನ ಸಾಲಿಗೆ ಕಳಿಸಿ ಬರೀ ತುಟಿ ಆಡಿಸು ಎಂದಿದ್ದರು. ಅಂಥವನ ದನಿಯನ್ನೂ ವಾಡೆ ದುಂಡಗೆ ಮಾಡಿ, ನುಣುಪು ಮಾಡಿ ವಾಪಸು ಕೊಡುತ್ತಿತ್ತು. ಆಮೇಲೆ ನೀರು ನಿಂತ ಕಾಲದಲ್ಲಿ ನಾಲೆಯ ಸೇತುವೆ ಕೆಳಗೆ ಹೋಗಿ ಹಾಡಿದೆ. ಶ್ರೀರಂಗಪಟ್ಟಣಕ್ಕೆ ಹೋದಾಗಲೆಲ್ಲ ಕೋಟೆಯ ಬಾಗಿಲ ಕಮಾನಿನಡಿ ನಿಂತು ನನ್ನ ಹೆಸರು ನಾನೇ ಕೂಗಿಕೊಂಡೆ. ಎಲ್ಲೂ ವಾಡೆಯ ಸುಖ ಬರಲಿಲ್ಲ. ನಾನು ಈ ಜನ್ಮದಲ್ಲಿ ಚೆನ್ನಾಗಿ ಹಾಡಿದ್ದೇನಾದರೂ ಇದ್ದರೆ ಅದು ಆ ಮಡಕೆಯ ಹೊಟ್ಟೆಯೊಳಗೆ ಮಾತ್ರ.

ಅತ್ತೆಯ ಮಾತು ಬೇರೆ. ಅವಳಿಗೆ ವಾಡೆಯ ಹಂಗು ಇರಲಿಲ್ಲ. ಸುತ್ತಿನ ಹಳ್ಳಿಗಳಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಸೋಬಾನೆ ಹಾಡಲು ಅವಳಿಗೆ ಎಲೆಯಡಿಕೆ ಬರುತ್ತಿತ್ತು. ಹಸೆಗೆ ಕರೆಯುವ ಹಾಡು, ಎಣ್ಣೆ ಹಚ್ಚುವ ಹಾಡು, ಹೆಣ್ಣು ಒಪ್ಪಿಸಿಕೊಡುವಾಗ ಕಲ್ಲಿನ ಕಣ್ಣಲ್ಲೂ ನೀರು ತರಿಸುವ ಹಾಡು. ಇವೆಲ್ಲಕ್ಕಿಂತ ಹೆಂಗಸರು ಕಾದು ಕೂರುತ್ತಿದ್ದುದು ಬೀಗರ ಹಾಡಿಗೆ. ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಹಾಡಿನಲ್ಲೇ ಬಯ್ಯುವುದು, ಅವರು ತಿರುಗಿ ಇವರನ್ನು ಬಯ್ಯುವುದು. ಅತ್ತೆ ಎದುರಿಗೆ ಕೂತವರ ಮೂಗು, ಸೀರೆ, ಜಂಬ ಎಲ್ಲ ನೋಡಿಕೊಂಡು ಅಲ್ಲೇ ಪದ ಕಟ್ಟುತ್ತಿದ್ದಳು. ಬೈಸಿಕೊಂಡವರು ಕೋಪ ಮಾಡಿಕೊಳ್ಳುತ್ತಿರಲಿಲ್ಲ. ತಲೆಗೆ ತಲೆ ಕೊಟ್ಟು ಪಿಸಿಪಿಸಿ ಮಾತಾಡಿ, ಇದಕ್ಕಿಂತ ಖಾರವಾದ ಒಂದನ್ನು ಕಟ್ಟಿ ಎಸೆಯುತ್ತಿದ್ದರು. ನಾನು ಕಂಬಕ್ಕೆ ಒರಗಿ, ಈ ಕಡೆಯಿಂದ ಆ ಕಡೆಗೆ ಹೋಗಿ ಬರುವ ಬೈಗುಳ ಕೇಳುತ್ತ ಹಾಗೇ ನಿದ್ದೆ ಹೋಗುತ್ತಿದ್ದೆ. ಅಷ್ಟು ಹಿತವಾದ ಜೋಗುಳವನ್ನು ನಾನು ಬೇರೆಲ್ಲೂ ಕೇಳಿಲ್ಲ.

ಆಮೇಲೆ ಚಪ್ಪರ ಹೋಗಿ ಕಲ್ಯಾಣ ಮಂಟಪ ಬಂತು. ಮಂಟಪಕ್ಕೆ ಆಳೆತ್ತರದ ಸ್ಪೀಕರು ಬಂತು. ಕೆಲವು ವರ್ಷಗಳ ಹಿಂದೆ ನಾಗಮಂಗಲದ ಒಂದು ಮದುವೆಯಲ್ಲಿ ಅತ್ತೆ ಹಸೆಯ ಪಕ್ಕ ಕೂತು ಹಾಡು ಎತ್ತಿಕೊಂಡಳು. ಅದೇ ಹೊತ್ತಿಗೆ ಮೈಕ್ ಸೆಟ್ಟಿನವನು ಸಿನಿಮಾ ಹಾಡು ಹಾಕಿ, ನೆಲ ನಡುಗುವ ಹಾಗೆ ಸದ್ದು ಏರಿಸಿದ. ಅತ್ತೆಯ ಬಾಯಿ ಆಡುತ್ತಿದ್ದುದು ಕಾಣುತ್ತಿತ್ತೇ ಹೊರತು ಏನೂ ಕೇಳಲಿಲ್ಲ. ಸಾಲಿನ ನಡುವೆಯೇ ನಿಲ್ಲಿಸಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಊಟದ ಮನೆಯ ಕಡೆ ಎದ್ದು ಹೋದಳು. ಅಂದಿನಿಂದ ಯಾರು ಕರೆದರೂ ಒಂದೇ ಮಾತು: “ಗಂಟ್ಲು ಕಟ್ಟದೆ ಕಣವ್ವ. ಅಲ್ದೆ ಈಗ ಯಾರಿಗ್ ಕೇಳ್ತದೆ, ಬುಡು.” ನನಗೆ ಗೊತ್ತಿತ್ತು, ಗಂಟಲಿಗೆ ಏನೂ ಆಗಿರಲಿಲ್ಲ. ಮದುವೆಮನೆಗಳಲ್ಲಿ ಅವಳು ಒಂದು ಮೂಲೆಯಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು.

ನನ್ನಣ್ಣನ ಮಗಳು ಪವಿತ್ರಳಿಗೆ ಮದುವೆ ಗೊತ್ತಾದಾಗ ಸದ್ದಿನ ಉಸ್ತುವಾರಿ ನನ್ನದು ಎಂದು ಮುಂದೆ ಬಿದ್ದು ಹೇಳಿಬಿಟ್ಟೆ. ಮೈಕ್ ಸೆಟ್ಟಿನವನು ಸ್ಪೀಕರು ತರಲಿ, ಮಿಕ್ಸರು ಮಾತ್ರ ನಾನೇ ಕೊಂಡು ತರುತ್ತೇನೆ. ಮದುವೆ ಆದ ಮೇಲೆ ನಮ್ಮ ಭಜನೆ ಮಂಡಳಿಗೂ ಆಗುತ್ತದೆ. ಮಿಕ್ಸರು ಅಂದರೆ ಮೈಕುಗಳ ದನಿಯೆಲ್ಲ ಬಂದು ಸೇರುವ, ಮೈತುಂಬ ಗುಂಡಿಗಳಿರುವ ಪೆಟ್ಟಿಗೆ. ಅತ್ತೆಯ ಕೈಗೆ ಮೈಕು ಕೊಟ್ಟು, ದನಿಯನ್ನು ಆ ಪೆಟ್ಟಿಗೆಯ ಒಳಗೆ ಹಾಯಿಸಿ, ವಾಡೆಯಲ್ಲಿ ಕೇಳುತ್ತಿದ್ದ ಹಾಗೆಯೇ ಇಡೀ ಮಂಟಪಕ್ಕೆ ಕೇಳಿಸಬೇಕು. ಇದು ನನ್ನ ಹಗಲುಗನಸು.

ಕನಸು ಸುಲಭ, ಆಯ್ಕೆ ಕಷ್ಟ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಲ್ಲಿ ಅಂಗಡಿಯಲ್ಲಿ ಕೂತು ಫೋನಿನಲ್ಲಿ ಮಿಕ್ಸರಿನ ವಿಡಿಯೋ ನೋಡತೊಡಗಿದೆ. ಒಂದರಲ್ಲಿ ಹದಿನಾರು ಎಫೆಕ್ಟು, ಇನ್ನೊಂದರಲ್ಲಿ ತೊಂಬತ್ತೊಂಬತ್ತು. ರೂಮ್, ಹಾಲ್, ಸ್ಟೇಡಿಯಂ, ಎಕೋ, ಡಿಲೇ. ಜಗತ್ತಿನಲ್ಲಿ ದನಿ ಹೊಕ್ಕು ಬರುವ ಜಾಗಗಳನ್ನೆಲ್ಲ ಅವರು ಪೆಟ್ಟಿಗೆಯೊಳಗೆ ತುಂಬಿದ್ದರು. ವಾಡೆ ಅಂತ ಒಂದೂ ಇರಲಿಲ್ಲ. ಇಯರ್‌ಫೋನು ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದರೆ ಪೇಟೆಯ ಗದ್ದಲ, ಕಬ್ಬಿನ ಟ್ರಾಕ್ಟರಿನ ಸದ್ದು ಎಲ್ಲ ದೂರ ಸರಿದು, ನಾನು ಯಾವುದೋ ದೊಡ್ಡ ಹಜಾರದಲ್ಲಿ ತೇಲುತ್ತಿರುವಂತೆ ಆಗುತ್ತಿತ್ತು. ಹಾಗೆ ತೇಲುತ್ತ ಒಬ್ಬ ಗಿರಾಕಿಯ ಬೆಳ್ಳಿ ಕಾಲುಂಗುರವನ್ನು ಕಾಸಿ ಕಾಸಿ ಕರಗಿಸಿಯೇ ಬಿಟ್ಟೆ.

“ಬಚ್ಚಲು ಮನೇಲಿ ಆಡಿ,” ಅಂದಳು ಶಾರದ. “ಬಿಟ್ಟಿ ಬತ್ತದೆ ಎಫೆಕ್ಟು.”

ಕೊನೆಗೆ ಶ್ರೀರಂಗಪಟ್ಟಣದ ರಹಮತ್ ಸಾಹೇಬರ ಹತ್ತಿರ ಹೋದೆ. ಅವರು ಮೈಕು ಸ್ಪೀಕರು ಬಾಡಿಗೆಗೂ ಕೊಡುತ್ತಾರೆ, ಮಾರುತ್ತಾರೆ ಕೂಡ. ಮಾತು ಮಾರುವುದರಲ್ಲಿ ಇನ್ನೂ ಗಟ್ಟಿಗರು. ನಾನು ಅತ್ತೆಯ ಹಾಡಿನ ವಿಷಯ ಹೇಳಿ ತೊಂಬತ್ತೊಂಬತ್ತು ಎಫೆಕ್ಟಿನದು ಕೇಳಿದ್ದಕ್ಕೆ ಅವರು ಗಡ್ಡ ನೀವಿಕೊಂಡು ನಕ್ಕರು.

“ಅರೇ ಆಚಾರ್ರೇ, ಅದ್ರಲ್ಲಿ ಎರಡು ಬಿಟ್ರೆ ಬಾಕಿದು ಯಾರೂ ಮುಟ್ಟಲ್ಲ. ಅಷ್ಟೊಂದು ಯಾಕೆ ನಿಮ್ಗೆ? ಮೊದ್ಲು ಇದು ಕೇಳಿ,” ಎಂದು ಒಂದು ಅಗ್ಗದ ಮಿಕ್ಸರಿಗೆ ಮೈಕು ಸಿಕ್ಕಿಸಿ, ಏನೂ ಮಾತಾಡದೆ ಸದ್ದು ಏರಿಸಿದರು. ಸ್ಪೀಕರು ‘ಗುಯ್’ ಎಂದು ಜೀರುಂಡೆಯ ಹಾಗೆ ಹಾಡತೊಡಗಿತು. “ನೋಡಿ, ಯಾರೂ ಹಾಡ್ದೇ ಇರುವಾಗ್ಲೂ ಇದು ಹಾಡ್ತದೆ. ಸುಮ್ನಿರಕ್ಕೆ ಬರ್ದೇ ಇರೋ ಮಿಕ್ಸರು ಬೇಡ್ವೇ ಬೇಡ.”

ಎರಡನೆಯದು ಸುಮ್ಮನಿರುತ್ತಿತ್ತು. ಆದರೆ ಅದರಲ್ಲಿ ಎಲ್ಲ ಮೈಕಿಗೂ ಸೇರಿ ಎಫೆಕ್ಟಿನ ಗುಂಡಿ ಒಂದೇ.

“ಇದೂ ಬೇಡ,” ಅಂದರು ಸಾಹೇಬರು. “ಮೈಕಿಗೊಂದು ಗುಂಡಿ ಇರ್ಬೇಕು. ಇಲ್ಲಾಂದ್ರೆ ನಿಮ್ಮತ್ತೆ ಹಾಡ್ದಾಗ ಬರೋ ಎಕೋನೇ ಪುರೋಹಿತ್ರಿಗೂ ಬರ್ತದೆ. ಅವ್ರು ಅಕ್ಷತೆ ಕೊಡಿ ಅಂದ್ರೆ ಅಶರೀರವಾಣಿ ಆಗ್ಬಿಡ್ತದೆ. ಯಾ ಅಲ್ಲಾ, ಜನ ಕೈ ಮುಗಿದ್ಬಿಡ್ತಾರೆ!”

ಮೂರನೆಯದು ಸಣ್ಣದು, ನಾಲ್ಕು ಮೈಕಿನದು, ಮೈಕಿಗೊಂದು ಎಫೆಕ್ಟಿನ ಗುಂಡಿಯದು, ನನ್ನ ಕೈಗೆಟುಕುವಂಥದು. ಸಾಹೇಬರು ನನ್ನನ್ನೇ ಹಾಡಿ ನೋಡಿ ಅಂದರು. ಹಾಡಿದೆ. ಎದುರಿನ ಹೋಟೆಲಿನಿಂದ ಇಬ್ಬರು ಕಾಫಿ ಲೋಟ ಹಿಡಿದೇ ಹೊರಗೆ ಬಂದರು. ಸಾಹೇಬರು ನಯವಾಗಿ ಎಫೆಕ್ಟಿನ ಗುಂಡಿಯನ್ನು ಸ್ವಲ್ಪ, ಇನ್ನೂ ಸ್ವಲ್ಪ ತಿರುಗಿಸಿದರು. ನನ್ನ ದನಿ ದುಂಡಗಾಯಿತು. ಆ ಹಳೇ ಬೇವಿನ ಸೊಪ್ಪಿನ, ರಾಗಿ ಧೂಳಿನ ವಾಸನೆ ಎಲ್ಲಿಂದಲೋ ಬಂದಂತಾಯಿತು. “ಇದೇ ಕೊಡಿ” ಅಂದೆ.

ಮದುವೆಗೆ ಮುಂಚೆ ಅತ್ತೆಯನ್ನು ಮನೆಗೆ ಕರೆಸಿದೆ. ಮೈಕು ಕೈಗೆ ಕೊಟ್ಟರೆ ಬಿಸಿ ಸೌಟು ಹಿಡಿದ ಹಾಗೆ ಹಿಡಿದಳು. ಬಹಳ ಬೇಡಿಸಿಕೊಂಡು ಹಸೆಯ ಹಾಡಿನ ಒಂದು ಸಾಲು ಅಂದಳು. ಸಾಲಿನ ಕೊನೆಯ ತುಂಡು ತಿರುಗಿ ಬಂತು. ಅತ್ತೆ ಹಿಂದೆ ತಿರುಗಿ ನೋಡಿದಳು.

“ಯಾರ್ಲಾ ಅದು ನನ್ ಇಂದೆ ಅಂತಾವ್ಳಲ್ಲ?”

“ಯಾರೂ ಇಲ್ಲ ಕಣತ್ತೆ, ಅದು ನಿನ್ ದನೀನೇ.”

ಇನ್ನೊಂದು ಸಾಲು ಹಾಡಿ, ಅದು ತಿರುಗಿ ಬಂದು ಮುಗಿಯುವ ತನಕ ದೊಡ್ಡ ಮನುಷ್ಯರ ಮಾತಿಗೆ ಕಾಯುವಂತೆ ಕಾದಳು. ಸೋಬಾನೆಯಲ್ಲಿ ಒಬ್ಬಳು ಹಾಡಿದ್ದನ್ನು ಉಳಿದವರು ಹಿಂದೆ ಹೇಳುವುದು ಪದ್ಧತಿ. ಹಿಂದೆ ಹೇಳುವ ಗೆಳತಿಯರು ಒಬ್ಬೊಬ್ಬರೇ ಹೋಗಿಬಿಟ್ಟಿದ್ದರು. ಈಗ ಪೆಟ್ಟಿಗೆ ಹೇಳುತ್ತಿತ್ತು. “ಪರ್ವಾಗಿಲ್ಲ ಕಣ್ಲಾ, ನೆಟ್ಟಗೇ ಯೋಳ್ತದೆ,” ಎಂದು ಅತ್ತೆ ಮೈಕಿನ ತಲೆ ಸವರಿದಳು. ಆ ಸಂಜೆ ನಾಲ್ಕಾರು ಹಾಡು ಹಾಡಿದಳು. ದೀಪ ಹಚ್ಚುವುದನ್ನೂ ಮರೆತು ನಾವೆಲ್ಲ ಕೂತು ಕೇಳಿದೆವು. ಎಲ್ಲ ದೇವರ ಹಾಡು, ಹಸೆಯ ಹಾಡು, ಹೂವಿನ ಹಾಡು. ಬೀಗರ ಹಾಡಿನ ನೆನಪು ಅವಳಿಗೂ ಬರಲಿಲ್ಲ, ನನಗೂ ಬರಲಿಲ್ಲ.

ಮದುವೆ ಕೆ.ಆರ್.ಪೇಟೆಯ ಮಂಟಪದಲ್ಲಿ. ಗಂಡಿನ ಕಡೆಯವರೂ ನಮ್ಮ ಹಾಗೆ ಅಕ್ಕಸಾಲಿಗಳೇ. ಮೂಲ ದೇವಲಾಪುರದ ಕಡೆಯವರು, ಈಗ ನಾಗಮಂಗಲದಲ್ಲಿ ಗಂಡಿನ ಅಪ್ಪನದು ನಡೆಯುವ ಚಿನ್ನಬೆಳ್ಳಿ ಅಂಗಡಿ. ಅವರ ಗಿರಾಕಿಗಳೇ ಮುಂದಿನ ಸಾಲುಗಳಲ್ಲಿ ಜರಿ ಪಂಚೆ, ರೇಷ್ಮೆ ಸೀರೆಗಳಲ್ಲಿ ತುಂಬಿದ್ದರು. ಧಾರೆ ಮುಗಿದು ಹೆಣ್ಣುಗಂಡು ಹಸೆಯ ಮೇಲೆ ಕೂತಾಗ ನಾನು ಅತ್ತೆಯ ಕೈಗೆ ಮೈಕು ಕೊಟ್ಟು, ಗುಂಡಿಗಳ ಮುಂದೆ ಕೂತೆ.

ಮೊದಲನೇ ಹಾಡಿಗೆ ಮಂಟಪ ತಿರುಗಿ ನೋಡಿತು. ಎರಡನೆಯದಕ್ಕೆ ಮಾತು ನಿಂತಿತು. ದನಿ ಹೋಗಿ ಮೇಲಿನ ತಗಡಿಗೆ ತಾಗಿ ಮಂಜಿನ ಹಾಗೆ ಇಳಿದು ಬರುತ್ತಿತ್ತು. ನನಗೆ ಅದು ಮಂಟಪವಾಗಿ ಕಾಣಲೇ ಇಲ್ಲ. ನಾವೆಲ್ಲ ಆ ದೊಡ್ಡ ವಾಡೆಯೊಳಗೆ ಕೂತಿದ್ದೇವೆ, ಅತ್ತೆ ಮೇಲಿನಿಂದ ಬಗ್ಗಿ ಹಾಡುತ್ತಿದ್ದಾಳೆ ಅನ್ನಿಸುತ್ತಿತ್ತು. ಅತ್ತೆಗೂ ಏನೋ ಅನ್ನಿಸಿರಬೇಕು. ಬೆನ್ನು ನೆಟ್ಟಗಾಯಿತು, ಕಣ್ಣಲ್ಲಿ ಹಳೇ ತುಂಟತನ ಬಂತು. ಎದುರು ಸಾಲಿನಲ್ಲಿ ಕೂತಿದ್ದ ಗಂಡಿನ ಅಜ್ಜಿ ನಂಜಮ್ಮನವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ರಾಗ ಬದಲಾಯಿಸಿದಳು.

“ಬಿಂಕಾದ ಬೀಗಿತಿ ಬಂದಾಳೆ ನೋಡಿರೆ,
ಮೂಗೀಗೆ ಮಿಗಿಲಾದ ಮೂಗುಬಟ್ಟು;
ಮೂಗುಬಟ್ಟ ತಂದು ಒರೆಗಲ್ಲಿಗುಜ್ಜಿದರೆ
ಒಳಗೆಲ್ಲ ಬರಿಯ ತಾಮ್ರಾ...”

‘ತಾಮ್ರಾ... ತಾಮ್ರಾ... ತಾಮ್ರಾ’ ಎಂದಿತು ನನ್ನ ಮಿಕ್ಸರು.

ನಮ್ಮ ಕಸುಬಿನಲ್ಲಿ ಗಿರಾಕಿ ಎದುರಿಗಿರುವಾಗ ಆ ಮಾತನ್ನು ಬಾಯಿಂದ ಆಚೆ ಬಿಡುವುದಿಲ್ಲ. ಬೆಸುಗೆಗೆ ತಾಮ್ರ ಬೇಕೇ ಬೇಕು, ಎಲ್ಲರಿಗೂ ಗೊತ್ತು. ಆದರೂ ನನ್ನಪ್ಪ “ಒಸಿ ಕೆಂಪ ತಗಾ” ಅನ್ನುತ್ತಿದ್ದನೇ ವಿನಾ ತಾಮ್ರ ಎಂದವನಲ್ಲ. ಚಪ್ಪರದ ಮೂಲೆಯಲ್ಲಿ ನಾಲ್ಕು ಹೆಂಗಸರ ನಡುವೆ ಅಂದಿದ್ದರೆ ಅದು ಹಾಡು. ಅಕ್ಕಸಾಲಿಯ ಗಿರಾಕಿಗಳನ್ನೆಲ್ಲ ಕೂರಿಸಿಕೊಂಡು, ಸ್ಪೀಕರಿನಲ್ಲಿ, ಮೂರು ಮೂರು ಸಲ ಅಂದರೆ ಏನಾಗುತ್ತದೆ ಅನ್ನುವುದನ್ನು ನಾನು ಯೋಚಿಸಿಯೇ ಇರಲಿಲ್ಲ. ಮುಂದಿನ ಸಾಲಿನ ಹೆಂಗಸೊಬ್ಬಳು ತನ್ನ ಬಳೆಯನ್ನು ತಿರುಗಿಸಿ ನೋಡಿಕೊಂಡಳು. ಗಂಡಿನ ಅಪ್ಪ ಎದ್ದು ನಿಂತರು. ಮುಖ ಕಪ್ಪಿಟ್ಟಿತ್ತು.

“ಏನಿದು? ನನ್ ಗಿರಾಕಿಗೋಳು ಕೂತವ್ರೆ. ಮದ್ವೆಗ್ ಕರ್ದು ಇಂಗೆ ಮಾನ ತಗೀತೀರಾ?”

“ಆಫ್ ಮಾಡ್ಲಾ ಅದ!” ಎಂದು ಅಣ್ಣ ನನ್ನ ಕಡೆ ಓಡಿ ಬಂದ. ಗಾಬರಿಯಲ್ಲಿ ನನ್ನ ಕೈ ಎಲ್ಲಿಗೆ ಹೋಯಿತೋ. ಕಡಿಮೆ ಮಾಡಲು ಹೋಗಿ ಎಕೋದ ಗುಂಡಿಯನ್ನೇ ಪೂರ್ತಿ ಏರಿಸಿಬಿಟ್ಟೆ. ಅಣ್ಣನ ಕೂಗೇ ಮೈಕಿಗೆ ಬಿದ್ದು, ಇಡೀ ಮಂಟಪ ‘ಮಾಡ್ಲಾ ಅದ, ಮಾಡ್ಲಾ ಅದ’ ಎಂದು ಬಡಬಡಿಸತೊಡಗಿತು. ಹೇಗೋ ನಿಲ್ಲಿಸಿದೆ. ಆಮೇಲೆ ಅತ್ತೆಯ ಮುಖ ನೋಡಿದೆ. ಮೈಕನ್ನು ಮಡಿಲಲ್ಲಿಟ್ಟುಕೊಂಡು, ಸೆರಗನ್ನು ಬಾಯಿಗೆ ಅಡ್ಡ ತಂದಿದ್ದಳು. ಮುಗಿಯಿತು ಅಂದುಕೊಂಡೆ. ಅವಳ ಬಾಯಿ ತೆರೆಸಲು ಹೋಗಿ ಸಾಯುವವರೆಗೂ ತೆರೆಯದ ಹಾಗೆ ಮಾಡಿದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಅಷ್ಟರಲ್ಲಿ ನಂಜಮ್ಮನವರು ಮಂಡಿ ಹಿಡಿದುಕೊಂಡು ಎದ್ದರು. ಅವರ ಮಗ, ಅಂದರೆ ಗಂಡಿನ ಅಪ್ಪ, ತೋಳು ಹಿಡಿಯಲು ಹೋದರು.

“ಅವ್ವ, ನೀನ್ ಕೂತ್ಕೊ. ನಾನ್ ಮಾತಾಡ್ತೀನಿ.”

“ನೀನ್ ಕೂತ್ಕಳ್ಲಾ. ಅವ್ಳು ಬೈದಿರೋದು ನನ್ನ. ಮೂಗುಬಟ್ಟು ನಂದು, ನಿಂದಾ?” ಎಂದು ಅಜ್ಜಿ ಕೈ ಕೊಡವಿಕೊಂಡು ನನ್ನ ಹತ್ತಿರಕ್ಕೇ ಬಂದರು. “ಇನ್ನೊಂದು ಮೈಕ್ ಅದೆಯೇನಪ್ಪ?”

ಕೊಟ್ಟೆ. ಅವರು ‘ಉಂ’ ಎಂದು ಗಂಟಲು ಸರಿ ಮಾಡಿಕೊಂಡರು. ಮಂಟಪವೆಲ್ಲ ‘ಉಂ ಉಂ ಉಂ’ ಎಂದಿತು. ಅಜ್ಜಿ ಮೈಕನ್ನು ದೂರ ಹಿಡಿದು ನನ್ನನ್ನು ದುರುಗುಟ್ಟಿ ನೋಡಿದರು.

“ಇದೇನ್ಲಾ, ಬಾವಿಗ್ ಬಿದ್ದೋರ್ ಥರ? ಆ ಗುಂಯ್ ಅನ್ನದ ತಗಿ ಮೊದ್ಲು. ನಾ ಬೈಯೋದು ಪದ ಪದ್ವಾಗಿ ನೆಟ್ಟಗ್ ಓಗಿ ಅವ್ಳಿಗ್ ತಾಕ್ಬೇಕು.”

ತಿಂಗಳುಗಟ್ಟಲೆ ಹುಡುಕಿ ಆರಿಸಿ ತಂದ ಎಫೆಕ್ಟನ್ನು ಅವರ ಮೈಕಿನ ಮಟ್ಟಿಗೆ ಸೊನ್ನೆಗೆ ಇಳಿಸಿದೆ. ಅಜ್ಜಿ ಸೊಂಟಕ್ಕೆ ಕೈಯಿಟ್ಟು, ಒಣಗಿದ, ಒಡೆದ, ಆದರೆ ತಾಳ ಒಂದಿಷ್ಟೂ ತಪ್ಪದ ದನಿಯಲ್ಲಿ ಎತ್ತಿಕೊಂಡರು.

“ತಾಮ್ರವೆಂದೋಳ ಕಿವಿಯ ನೋಡಿರೆ,
ಜೋತಾಡುತಾವೆ ಜೋಡಿ ಓಲೆ;
ಜೋಡಿ ಓಲೆಯ ಒಡತಿ ಚಪ್ಪರದಾಚೆ ನಿಂತು
ಕೊಡು ನನ್ನ ಓಲೆ ಎಂದಾಳೆ!”

ಅಜ್ಜಿ ಸುಮ್ಮನೆ ಕಟ್ಟಿ ಎಸೆದ ಮಾತು. ಆದರೆ ಅತ್ತೆ ಅವತ್ತು ಹಾಕಿಕೊಂಡಿದ್ದುದು ನಿಜವಾಗಿಯೂ ಶಾರದಳ ಓಲೆ. ಬಾಗಿಲ ಹತ್ತಿರ ನಿಂತಿದ್ದ ಶಾರದ ತನ್ನ ಕಿವಿ ಮುಟ್ಟಿಕೊಂಡು ನಾಲಿಗೆ ಕಚ್ಚಿಕೊಂಡಳು. ನಮ್ಮ ಕಡೆಯ ಹೆಂಗಸರು ಅದನ್ನು ನೋಡಿದರು, ನೋಡಿದ್ದೇ ತಡ ಬಿದ್ದು ಬಿದ್ದು ನಕ್ಕರು. ನಗು ಒಂದು ಸಾಲಿನಿಂದ ಇನ್ನೊಂದಕ್ಕೆ ಹಬ್ಬಿತು. ಬಳೆ ತಿರುಗಿಸಿ ನೋಡಿಕೊಂಡಿದ್ದ ಗಿರಾಕಿಯೇ ಗಂಡಿನ ಅಪ್ಪನಿಗೆ, “ಆಚಾರ್ರೇ, ನಂದೂ ಒಂದ್ಸಲ ಒರೆ ಹಚ್ಚಿ ನೋಡ್ರಿ” ಎಂದಳು. ಅವರೂ ನಗಲೇಬೇಕಾಯಿತು.

ನಾನು ನೋಡುತ್ತಿದ್ದುದು ಅತ್ತೆಯನ್ನು. ಸೆರಗು ಬಾಯಿಂದ ಜಾರಿತ್ತು. ಎಷ್ಟೋ ವರ್ಷಗಳ ಮೇಲೆ ಅವಳ ಹಾಡಿಗೆ ಅವಳ ದನಿಯಲ್ಲದ ಇನ್ನೊಂದು ದನಿ ಉತ್ತರ ಕೊಟ್ಟಿತ್ತು. ಮೈಕು ಎತ್ತಿಕೊಂಡು, ನನ್ನ ಕಡೆ ನೋಡದೆಯೇ ಅಂದಳು: “ನಂದೂ ತಗಿಯಲಾ, ಆ ಗುಂಯ್ ಅನ್ನದ.”

ಆಮೇಲೆ ನಡೆದದ್ದನ್ನು ಬರೆಯಲು ನನ್ನಿಂದಾಗದು. ಅಜ್ಜಿ ನಮ್ಮ ಊಟದ ಪಲ್ಯವನ್ನು ಬೈದರು, ಅತ್ತೆ ಅವರ ದಿಬ್ಬಣದ ಬಸ್ಸನ್ನು ಬೈದಳು. ಪುರೋಹಿತರು ಕೆಮ್ಮಿ ಕೆಮ್ಮಿ ಸೋತು ತಾವೂ ಕೂತು ಕೇಳಿದರು. ನನಗೆ ಕೆಲಸವೇ ಇರಲಿಲ್ಲ. ಕಂಬಕ್ಕೆ ಒರಗಿ ಕಣ್ಣು ಮುಚ್ಚಿದೆ.

ಊಟ ಮುಗಿದು ಮಂಟಪ ಖಾಲಿಯಾಗುವ ಹೊತ್ತಿಗೆ ನಾನು ವೈರು ಸುತ್ತುತ್ತಿದ್ದೆ. ಇಬ್ಬರೂ ವೇದಿಕೆಯ ಮೆಟ್ಟಿಲ ಮೇಲೆ ಕೂತು ಒಂದೇ ತಟ್ಟೆಯಿಂದ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು.

“ನಿಮ್ ಕಡೆ ಇನ್ನೂ ಯಾರವ್ರೆ ಯೋಳವ್ವ, ಬೀಗರ ಪದ ಆಡೋರು?” ಎಂದು ಕೇಳಿದರು ನಂಜಮ್ಮ.

“ಯಾರವ್ರೆ? ನಾನೊಬ್ಳೆಯ.”

“ನಮ್ ಕಡೇನೂ ನಾನೊಬ್ಳೆ ಕಣವ್ವ,” ಎಂದು ಅಜ್ಜಿ ಎಲೆಗೆ ಸುಣ್ಣ ಸವರಿದರು. ಅತ್ತೆ ತಟ್ಟೆಯಿಂದ ಒಂದು ಅಡಿಕೆ ಚೂರು ಆರಿಸಿ ಅವರ ಕೈಗಿಟ್ಟಳು. ಆಮೇಲೆ ಅಜ್ಜಿ, “ಬೀಗರ ಊಟಕ್ಕೆ ಬತ್ತೀಯ ತಾನೆ? ಬೈಸ್ಕಳಕಾದ್ರೂ ಬಾ” ಎಂದರು. ಅತ್ತೆ ಹೂಂ ಎಂದು ತಲೆಯಾಡಿಸಿದಳು.

ಸಂಜೆ ಅತ್ತೆಯನ್ನು ಶೀಳನೆರೆಗೆ ಬಿಡಲು ನಾನೇ ಬಸ್ಸಿನಲ್ಲಿ ಹೊರಟೆ. ಮಿಕ್ಸರು ನನ್ನ ತೊಡೆಯ ಮೇಲಿತ್ತು. ಕಿಟಕಿಯಾಚೆ ಕಬ್ಬಿನ ಗದ್ದೆಗಳ ಮೇಲೆ ಬಿಸಿಲು ಹಳದಿಯಾಗಿ ಮಲಗಿತ್ತು. ಅತ್ತೆ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. ತುಟಿ ಮಾತ್ರ ಆಡುತ್ತಿತ್ತು. ಆಯಾಸವೇನೋ, ದೇವರ ನಾಮವೇನೋ ಅಂದುಕೊಂಡು ಭುಜ ಮುಟ್ಟಿದೆ.

“ಏನತ್ತೆ, ಸುಸ್ತಾಯ್ತಾ?”

ಅತ್ತೆ ಕಣ್ಣು ಬಿಡಲಿಲ್ಲ.

“ಸುಮ್ಕಿರ್ಲಾ. ಅವ್ಳ ನಡಿಗೆ ಮ್ಯಾಲೆ ಒಂದ್ ಕಟ್ತಾ ಇವ್ನಿ. ಮಾತಾಡುಸ್ಬ್ಯಾಡ, ಮರ್ತೋಯ್ತದೆ.”

ಊರು ಬರುವವರೆಗೂ ನಾನು ಮಾತಾಡಿಸಲಿಲ್ಲ.